ಕೆಂಪು ಚುಕ್ಕಿಗೆ ಹಸಿರು ಬಳೆ

ದೊರ್ಕಾ ಮುಂಜಾನೆಯಿಂದ ಒಂದು ಹಸಿರು ಬಣ್ಣವನ್ನು ಹದಕ್ಕೆ ತರುತ್ತಿದ್ದಳು. ಕಂಪ್ಯೂಟರ್ ಕೋಡಿನ ಸಾಲಿನಲ್ಲಿ ಬಣ್ಣದ ಅಂಕಿಯನ್ನು ತುಸು ಬದಲಿಸುವುದು, ಓಡಿಸುವುದು, ಪರದೆಯ ಮೇಲೆ ನಕ್ಷೆ ಹೊಸದಾಗಿ ಮೂಡಿದಾಗ ಕನ್ನಡಕ ಸರಿಸಿ ದಿಟ್ಟಿಸುವುದು, ಮತ್ತೆ ತಲೆ ಅಲ್ಲಾಡಿಸುವುದು. ಸಾರಿನ ಉಪ್ಪು ನೋಡಿದ ಹಾಗೆ. ಒಮ್ಮೆ ತೀರ ಎಳೆಯದಾಯಿತು, ಒಮ್ಮೆ ಬಾವಿಯ ಪಾಚಿಯಂತಾಯಿತು.

ನಕ್ಷೆಯಲ್ಲಿ ಬೀದರ, ಭಾಲ್ಕಿ, ಔರಾದ ತಾಲೂಕುಗಳಿದ್ದವು. ಅವುಗಳ ತುಂಬ ಸಾಸಿವೆ ಚೆಲ್ಲಿದಂತೆ ಚುಕ್ಕಿಗಳು. ಒಂದೊಂದು ಚುಕ್ಕಿಯೂ ಒಬ್ಬ ಬಸುರಿ ಹೆಣ್ಣುಮಗಳು. ಈ ನಕ್ಷೆಯನ್ನು ಕಾಗದದ ಮೇಲೆ ತೆಗೆದುಕೊಂಡು ಹಳ್ಳಿ ತಿರುಗುವ ಸೌಂದರ್ಯಾ ನಿನ್ನೆ ಸಂಜೆಯಷ್ಟೇ ತಕರಾರು ತೆಗೆದಿದ್ದಳು.

“ಸಿಸ್ಟರ್, ನಿಮ್ಮ ಹಸರ ಹೊಲದಾಗ ಕಳದ ಹೋಗ್ತದ್ರಿ. ತೊಗರಿ ಯಾವುದು, ಬಸರಿ ಯಾವಾಕಿ, ಒಂದೂ ತಿಳೀವಲ್ದು.”

ದೊರ್ಕಾಳನ್ನು ಎಲ್ಲರೂ ಸಿಸ್ಟರ್ ಎಂದೇ ಕರೆಯುತ್ತಿದ್ದರು. ಅರ್ಧ ಆಯುಷ್ಯ ಭಾಲ್ಕಿಯ ಕಡೆಯ ಹಳ್ಳಿಗಳಲ್ಲಿ ನರ್ಸಾಗಿ ದುಡಿದವಳು. ಮೊಣಕಾಲು ಕೈಕೊಟ್ಟ ಮೇಲೆ, ತಾಯಿ ಮಕ್ಕಳ ಆರೋಗ್ಯದ ಕೆಲಸ ಮಾಡುವ ಒಂದು ಸಣ್ಣ ಟ್ರಸ್ಟಿನವರು ಬೀದರದ ತಮ್ಮ ಕಚೇರಿಯಲ್ಲಿ ಅವಳಿಗೊಂದು ಕುರ್ಚಿ ಕೊಟ್ಟು, ಎದುರಿಗೊಂದು ಕಂಪ್ಯೂಟರ್ ಇಟ್ಟಿದ್ದರು. ಕೋಡು ಬರೆಯುವುದನ್ನು ಕಲಿಸಲು ಬಂದ ಹುಡುಗಿ, ಎದುರಿಗೆ ಕುಳಿತ ಐವತ್ತು ದಾಟಿದ ಹೆಂಗಸನ್ನು ಕಂಡು ಮೊದಲ ದಿನ ಮುಖ ಸಣ್ಣದು ಮಾಡಿಕೊಂಡಿದ್ದಳು. ಆದರೆ ವಾರ ಕಳೆಯುವುದರೊಳಗೆ ದೊರ್ಕಾಳಿಗೊಂದು ಗುಟ್ಟು ತಿಳಿಯಿತು. ಇದೇನೂ ಹೊಸ ವಿದ್ಯೆಯಲ್ಲ, ಜರಡಿ ಹಿಡಿಯುವ ಕೆಲಸ. ಒಂದರ ಕೆಳಗೊಂದು ಜರಡಿ ಇಟ್ಟು ಕಾಳು ಸುರಿದ ಹಾಗೆ. ಕೋಡಿನ ಒಂದೊಂದು ನಿಯಮವೂ ಒಂದೊಂದು ಜರಡಿ. ರಕ್ತದೊತ್ತಡ ಇಷ್ಟಕ್ಕಿಂತ ಹೆಚ್ಚಿದೆಯೇ, ಚುಕ್ಕಿಗೆ ಕೆಂಪು ಬಳಿ. ಮೈಯಲ್ಲಿ ರಕ್ತ ಕಡಿಮೆಯೇ, ಕೇಸರಿ ಬಳಿ. ಎಲ್ಲ ನೆಟ್ಟಗಿದ್ದರೆ ನೀಲಿ. ಮೇಲಿನ ಜರಡಿಯಲ್ಲಿ ನಿಂತ ಕಾಳು ಕೆಳಗಿನದಕ್ಕೆ ಬೀಳುವುದಿಲ್ಲ; ಅದರ ಬಣ್ಣ ಅಲ್ಲಿಗೇ ತೀರ್ಮಾನವಾಯಿತು.

ಎಲ್ಲಕ್ಕಿಂತ ಮೇಲಿನ ಜರಡಿ ಹಸಿರಿನದು. ಅದನ್ನು ದೊರ್ಕಾಳೇ ಇಟ್ಟಿದ್ದಳು. ಚೊಚ್ಚಲ ಬಸುರಿ ತವರಿಗೆ ಹೋಗಿದ್ದರೆ, ಮಾಹಿತಿಯಲ್ಲಿ ‘ಎಲ್ಲಿದ್ದಾಳೆ’ ಎಂಬಲ್ಲಿ ‘ತವರು’ ಎಂದು ಬರೆದಿದ್ದರೆ, ಚುಕ್ಕಿ ಹಸಿರು. ಬಣ್ಣ ಆರಿಸುವಾಗ ಅವಳು ಹೆಚ್ಚು ಯೋಚಿಸಿರಲಿಲ್ಲ. ಬಸುರಿಗೆ ಕುಬುಸ ಮಾಡುವ ದಿನ ಕೈತುಂಬ ಇಡಿಸುವ ಗಾಜಿನ ಬಳೆಯ ಹಸಿರು ತಾನಾಗಿ ಬೆರಳಿಗೆ ಬಂದಿತ್ತು. ತವರಿಗೆ ಹೋದವಳ ಚಿಂತೆ ಇನ್ನು ನಮಗೇಕೆ, ತಾಯಿಯ ಕಣ್ಣೆದುರು ಇದ್ದಾಳೆ, ಬಿಸಿನೀರು ಉಂಟು, ಬಿಸಿ ಅನ್ನ ಉಂಟು.

ದೊರ್ಕಾಳಿಗೆ ತವರಿನ ಬಾಣಂತನ ಸಿಕ್ಕಿರಲಿಲ್ಲ. ಮಿಶನ್ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಕಲಿಯುವಾಗಲೇ ತಾಯಿ ತೀರಿಕೊಂಡಿದ್ದಳು. ಮಗ ಜಸ್ಟಿನ ಹುಟ್ಟಿದಾಗ ಅತ್ತೆಮನೆಯಲ್ಲಿ ತಾನೇ ಒಲೆ ಹಚ್ಚಿ, ತಾನೇ ನೀರು ಕಾಯಿಸಿ, ಕೂಸನ್ನು ಗೋಡೆಗೆ ಒರಗಿಸಿದ ದಿಂಬಿನ ಪಕ್ಕ ಮಲಗಿಸಿ ಮೈತೊಳೆದುಕೊಂಡಿದ್ದಳು. ಆಗ ಕಿವಿಗೆ ಬಿದ್ದ ತವರು ಎಂಬ ಮಾತು, ಬೇರೆಯವರ ಮನೆಯ ಕಿಟಕಿಯೊಳಗಿನ ದೀಪದಂತೆ, ಹೊರಗೆ ನಿಂತವಳಿಗೆ ಇಂದಿಗೂ ಬೆಚ್ಚಗೇ ಕಾಣುತ್ತಿತ್ತು.

ಅದಕ್ಕೇ ಬಸುರಿ ಸೊಸೆ ಪ್ರಿಸಿಲ್ಲಾಳ ವಿಷಯದಲ್ಲಿ ಅವಳು ಹಟ ಹಿಡಿದಿದ್ದು. ಬರುವ ಭಾನುವಾರ ಪ್ರಾರ್ಥನೆ ಮುಗಿಸಿ, ಬಳೆ ಇಡಿಸಿ, ಅವಳನ್ನು ಭಾಲ್ಕಿಯಲ್ಲಿರುವ ಅವಳ ಅಣ್ಣನ ಮನೆಗೆ ಕಳಿಸುವುದೆಂದು ಗೊತ್ತಾಗಿತ್ತು. ಪ್ರಿಸಿಲ್ಲಾ ಇಲ್ಲವೆಂದಿರಲಿಲ್ಲ. ಇಂದು ಮುಂಜಾನೆ ಡಬ್ಬಿ ಕಟ್ಟಿಕೊಡುತ್ತಾ ಒಂದೇ ಮಾತು ಕೇಳಿದ್ದಳು.

“ಅತ್ತಿ, ನಾ ಹೋದ ಮ್ಯಾಲ ಬೆಕ್ಕಿಗಿ ಹಾಲು ಯಾರ ಹಾಕ್ತಾರ್ರಿ?”

“ಬೆಕ್ಕಿಂದೇನ ಚಿಂತಿ ಹಚ್ಚಕೊಂಡಿ? ನಾ ಇಲ್ಲೇನು?” ಎಂದು ನಕ್ಕು ದೊರ್ಕಾ ಚಪ್ಪಲಿ ಮೆಟ್ಟಿದ್ದಳು.

ಈಗ ಹಸಿರು ಒಂದು ಹದಕ್ಕೆ ಬಂದಿತ್ತು. ಎಲ್ಲ ಚುಕ್ಕಿಗಳಿಗೂ ಹೊಂದುತ್ತದೆಯೋ ನೋಡೋಣವೆಂದು ಭಾಲ್ಕಿಯ ಕಡೆ ನಕ್ಷೆಯನ್ನು ಹಿಗ್ಗಿಸಿ, ಸಾಯಗಾಂವದ ಒಂದು ಚುಕ್ಕಿಯ ಮೇಲೆ ಬಾಣದ ಗುರುತನ್ನು ಸುಮ್ಮನೆ ನಿಲ್ಲಿಸಿದಳು. ಪುಟ್ಟ ಚೌಕದಲ್ಲಿ ವಿವರ ತೆರೆಯಿತು. ಸಪ್ನಾ, ಗಂಡ ಸಿದ್ದೇಶ್ವರ. ಮೊದಲ ಹೆರಿಗೆ, ಎಂಟು ತಿಂಗಳು. ರಕ್ತದೊತ್ತಡ ನೂರೈವತ್ತು, ನೂರು. ಗುಳಿಗೆ ಕೊಟ್ಟಿದೆ, ವಾರಕ್ಕೆರಡು ಸಲ ನೋಡಬೇಕು. ಎಲ್ಲಿದ್ದಾಳೆ: ತವರು, ಎಕಂಬಾ.

ದೊರ್ಕಾ ಎರಡು ಸಲ ಓದಿದಳು. ರಕ್ತದೊತ್ತಡ ನೂರೈವತ್ತಿದ್ದವಳ ಚುಕ್ಕಿ ಕೆಂಪಾಗಬೇಕಿತ್ತು. ಅದು ಅವಳೇ ಈಗಷ್ಟೇ ಹದಮಾಡಿದ ಚೆಲುವಾದ ಹಸಿರಿನಲ್ಲಿ, ಯಾವ ದುಃಖವೂ ಇಲ್ಲದಂತೆ ಹೊಳೆಯುತ್ತಿತ್ತು.

ಕಾರಣ ತಿಳಿಯಲು ಕೋಡು ಓದಬೇಕಾಗಲಿಲ್ಲ. ಮೇಲಿನ ಜರಡಿಯಲ್ಲೇ ನಿಂತ ಕಾಳು. ತವರು ಎಂಬ ಮಾತು ಸಿಕ್ಕ ಕೂಡಲೇ ಹಸಿರು ಬಳಿದು ಮುಂದೆ ಹೋಗಿತ್ತು; ಅವಳ ರಕ್ತದೊತ್ತಡವನ್ನು ನಕ್ಷೆ ಕೇಳಿಯೇ ಇರಲಿಲ್ಲ. ಕೆಂಪು ಮತ್ತು ಕೇಸರಿಯವರ ಮನೆಗೆ ಮಾತ್ರ ಹಳ್ಳಿಯ ನರ್ಸುಗಳು ಹೋಗುತ್ತಾರೆ. ಹಸಿರಿನವರ ಮನೆಗೆ ಯಾರೂ ಹೋಗುವುದಿಲ್ಲ. ಸಾಯಗಾಂವದವರು ತವರಿಗೆ ಹೋದಳೆಂದು ಕೈಬಿಟ್ಟಿದ್ದಾರೆ, ಎಕಂಬಾದ ಕಡೆಯವರಿಗೆ ಅವಳು ಬಂದಿದ್ದೇ ಗೊತ್ತಿಲ್ಲ.

ದೊರ್ಕಾ ಹಸಿರಿನ ನಿಯಮವನ್ನು ಅಲ್ಲಿಂದ ಕತ್ತರಿಸಿ ಎಲ್ಲಕ್ಕಿಂತ ಕೆಳಗೆ ಅಂಟಿಸಿ ಓಡಿಸಿದಳು. ನಕ್ಷೆ ಒಮ್ಮೆ ಕಣ್ಣು ಮಿಟುಕಿಸಿತು. ಹಸಿರಿದ್ದ ಐದಾರು ಚುಕ್ಕಿಗಳು ಕೆಂಪಾದವು.

“ಸೌಂದರ್ಯಾ!”

ಸೌಂದರ್ಯಾ ಒಳಕೋಣೆಯಿಂದ ಪಂಚಮಿಯ ಶೇಂಗಾ ಉಂಡೆಯ ಡಬ್ಬಿ ಹಿಡಿದೇ ಬಂದಳು. “ಏನ್ರಿ ಸಿಸ್ಟರ್, ಹಾವು ಕಂಡಾಂಗ ಒದರಿದ್ರಿ? ಪಂಚಮಿ ಮುಗದದ, ಹಾಲೆರದೀನಿ, ಇನ್ನ ಅದು ಬರಂಗಿಲ್ಲ.” ಆಮೇಲೆ ಪರದೆ ನೋಡಿ ಅವಳ ನಗೆ ನಿಂತಿತು. “ಇವೆಲ್ಲ ಯಾವಾಗ ಕೆಂಪಾದ್ವು?”

“ಆಗಲೇ ಕೆಂಪಿದ್ವು. ನಾನೇ ಹಸರ ಹಚ್ಚಿ ಮುಚ್ಚಿಟ್ಟಿದ್ದೆ.”

ಮುಂದಿನದಕ್ಕೆ ಮಾತು ಬೇಕಿರಲಿಲ್ಲ. ಇಬ್ಬರೂ ಒಂದೊಂದು ಫೋನು ಹಿಡಿದು ಕುಳಿತರು. ಚಿಂತಾಕಿ ಊರಿನವಳು ಸಿಕ್ಕಳು, ನಿನ್ನೆಯೇ ದವಾಖಾನೆಗೆ ಹೋಗಿ ಬಂದಿದ್ದಳು. ಇನ್ನೊಬ್ಬಳ ತಾಯಿ ಫೋನೆತ್ತಿ, ಎಲ್ಲ ಆರಾಮ, ಗುಳಿಗೆ ಬರೋಬ್ಬರಿ ನುಂಗುತ್ತಿದ್ದಾಳೆ ಎಂದಳು. ಮತ್ತೊಬ್ಬಳ ಬಗ್ಗೆ ಸೌಂದರ್ಯಾ ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು ಹೇಳಿದಳು. “ಜೋಕಾಲಿ ಆಡ್ಲಿಕತ್ತಾಳಂತ್ರಿ! ಎಂಟ ತಿಂಗಳದಾಕಿ! ಇಳಸ್ರಿ ಅಂತ ಅವರ ಅವ್ವಗ ಬೈಲಿಕತ್ತೀನಿ.” ಒಬ್ಬೊಬ್ಬರಾಗಿ ಎಲ್ಲರೂ ಸಿಕ್ಕರು. ಸಪ್ನಾ ಒಬ್ಬಳೇ ಸಿಗಲಿಲ್ಲ. ಅವಳ ಫೋನು ಬಂದ್ ಆಗಿತ್ತು.

ಕೊನೆಗೆ ಸಾಯಗಾಂವದ ಅತ್ತೆಮನೆಗೆ ಹಚ್ಚಿದರು. ಅತ್ತೆ ಲಲಿತಾಬಾಯಿಯ ದನಿ ಫೋನಿನಿಂದ ಹೊರಗೆ ನೆಗೆಯಿತು.

“ಯಾರ್ರಿ? ನರ್ಸಬಾಯಿಯರಾ? ಅಕಿ ಇಲ್ಲಿಲ್ರಿ. ಕುಬುಸ ಮಾಡಿ, ಎರಡೂ ಕೈತುಂಬ ಹಸರ ಬಳಿ ಇಡಿಸಿ ಕಳಿಸೀವ್ರಿ. ಮಾಡೋದೆಲ್ಲ ಮಾಡೀವಿ, ಯಾರೂ ಬೆರಳ ಮಾಡಬಾರದ್ರಿ ನಮಗ.”

“ಯಾರೂ ಬೆರಳ ಮಾಡವಲ್ರು ಬಾಯಿಯರೇ. ಅಕಿ ಅರಾಮ ಅದಾಳೇನು, ಅಷ್ಟ ಹೇಳ್ರಿ.”

“ಅರಾಮ ಇರಲಾರದೇನ್ರಿ, ತವರಾಗ ಅದಾಳ. ಇಲ್ಲಿದ್ದರ ನನಗೂ ಕೆಲಸ, ಅಕಿಗೂ ಕೆಲಸ.”

“ಅವರ ತಾಯಿ ಫೋನ್ ನಂಬರ ಇದ್ದರ ಕೊಡ್ರಿ.”

“ತಾಯಿ ಎಲ್ಲಿ ಅದಾಳ್ರಿ? ಅಕಿ ಸಣ್ಣಾಕಿ ಇದ್ದಾಗೇ ಹೋಗ್ಯಾಳ. ಅಣ್ಣನ ಹೆಣ್ತಿ ಅದಾಳ, ಜಗದೇವಿ. ಅಕಿ ಮಾಡ್ತಾಳ ಏನ ಮಾಡೋದು.”

ದೊರ್ಕಾ ಫೋನು ಕೆಳಗಿಟ್ಟಳು. ಕಿಟಕಿಯೊಳಗಿನ ದೀಪವನ್ನು ಯಾರೋ ಊದಿದಂತಾಯಿತು. ತವರು ಎಂದು ಕಂಡಲ್ಲೆಲ್ಲ ತಾನು ಒಬ್ಬ ತಾಯಿಯನ್ನು ಕೂಡಿಸಿಬಿಟ್ಟಿದ್ದಳು. ತಾಯಿ ಇದ್ದಾಳೋ ಇಲ್ಲವೋ ಎಂದು ಕೇಳುವ ಒಂದು ಸಾಲೂ ಆ ಕೋಡಿನಲ್ಲಿ ಇರಲಿಲ್ಲ. ಬೇರೆ ಯಾರಿಗಾದರೂ ಹೊಳೆಯದಿದ್ದರೆ ಸರಿ, ತನಗೂ ಹೊಳೆಯಲಿಲ್ಲವೇ?

ಎಕಂಬಾದ ಕಡೆಯ ನರ್ಸು ಔರಾದಕ್ಕೆ ಮೀಟಿಂಗಿಗೆ ಹೋಗಿದ್ದಳು. ದೊರ್ಕಾ ಕಪಾಟಿನಿಂದ ತನ್ನ ಹಳೆಯ ಚೀಲ ತೆಗೆದು, ರಕ್ತದೊತ್ತಡ ನೋಡುವ ಯಂತ್ರ ಒಳಗಿಟ್ಟಳು.

“ಮೊಣಕಾಲ ಕಟ್ಟಕೊಂಡ ನೀವ ಎಲ್ಲಿ ಹೊಂಟ್ರಿ? ನಾ ಹೋಗ್ತೇನ್ರಿ” ಎಂದಳು ಸೌಂದರ್ಯಾ.

“ನೀ ಇಲ್ಲಿ ಫೋನ ಹಿಡಕೊಂಡ ಕೂಡು. ನಾ ಹೋಗ್ತೇನಿ.” ಆ ದನಿಗೆ ಎದುರಾಡಿ ಸೌಂದರ್ಯಾಳಿಗೆ ಅಭ್ಯಾಸವಿರಲಿಲ್ಲ.

ಟ್ರಸ್ಟಿನ ಜೀಪು ನಡೆಸುವ ಯುನುಸ ಮಾತಿನ ಮನುಷ್ಯ. ಅಂದು ಸಿಸ್ಟರ್ ಮುಖ ನೋಡಿ ಸುಮ್ಮನೆ ಗಾಡಿ ಬಿಟ್ಟ. ಮಾಂಜ್ರಾ ಸೇತುವೆಯ ಮೇಲೆ ಒಮ್ಮೆ ಮಾತ್ರ, “ಫಿಕರ್ ಮಾಡಬ್ಯಾಡ್ರಿ ಸಿಸ್ಟರ್, ಅಲ್ಲಾ ಅದಾನ, ನಿಮ್ಮ ಯೇಸುನೂ ಅದಾನ. ಇಬ್ಬರಾಗ ಒಬ್ಬರರೆ ಫ್ರೀ ಇರ್ತಾರ” ಎಂದ. ದೊರ್ಕಾಳಿಗೆ ನಗು ಬರಲಿಲ್ಲ. ಆದರೆ ಹಲ್ಲು ಕಚ್ಚಿ ಹಿಡಿದಿದ್ದ ದವಡೆ ತುಸು ಸಡಿಲವಾಯಿತು. ರಸ್ತೆಯ ಎರಡೂ ಬದಿಗೆ ಹೆಸರುಕಾಯಿ ಬಿಡಿಸುವ ಹೆಂಗಸರು ಸಾಲಾಗಿ ಬಗ್ಗಿದ್ದರು. ಸಂತಪುರ ದಾಟಿತು, ಔರಾದ ದಾಟಿತು. ಅವಳು ಮನಸ್ಸಿನಲ್ಲಿ ಪ್ರಾರ್ಥಿಸುತ್ತಿದ್ದಳೋ, ಕೋಡಿನ ಸಾಲುಗಳನ್ನು ಮೇಲೆ ಕೆಳಗೆ ಮಾಡುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ.

ಎಕಂಬಾದಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕಟ್ಟೆಯ ಮೇಲೆ ಹಳೆಯ ಮೆತ್ತನೆಯ ಸೀರೆಯೊಂದನ್ನು ಹರಿದು ಚೌಕ ಚೌಕ ಮಾಡುತ್ತಾ ಕುಳಿತ ಹೆಂಗಸು, ಜೀಪು ನಿಂತದ್ದು ನೋಡಿ ಅರಿವೆ ಮಡಿಲಲ್ಲಿಟ್ಟುಕೊಂಡು ಎದ್ದಳು. ತೆಳ್ಳಗಿನ ಮೈ, ನಿದ್ದೆಗೆಟ್ಟ ಕಣ್ಣು.

“ಯಾರ ಬೇಕಾಗಿತ್ರಿ?”

“ಜಗದೇವಿ ನೀವೇನಮ್ಮಾ? ನಾ ಬೀದರದಿಂದ ಬಂದೀನಿ, ದವಾಖಾನಿ ಸಂಬಂಧ. ನಿಮ್ಮ ನಾದಿನಿ ಸಪ್ನಾ ಎಲ್ಲಿ?”

“ಅಕಿ ಇಲ್ರಿ.”

“ಇಲ್ಲಂದರ?”

“ಇಲ್ಲಂದರ ಇಲ್ಲಿಲ್ರಿ. ಬೀದರದಾಗ ಅದಾಳ, ದೊಡ್ಡ ದವಾಖಾನ್ಯಾಗ. ನೀವ ಅಲ್ಲಿಂದೇ ಬಂದೀರಿ ಅಂತೀರಿ, ನನ್ನ ಕೇಳ್ತೀರಿ! ಇವತ್ತ ನಸಕನ್ಯಾಗ ಹಡದಾಳ್ರಿ. ಹೆಣ್ಣಕೂಸು.”

“ತಾಯಿ? ತಾಯಿ ಹ್ಯಾಂಗ ಅದಾಳ?”

“ಅರಾಮ ಅದಾಳ್ರಿ. ನಂದೇ ನಿದ್ದಿ ಇಲ್ಲ. ಹೊಟ್ಟಿ ಕೊಯ್ದ ತಗದಾರ, ಡಾಕ್ಟರ ಬಾಯಿ ಎಲ್ಲ ಬರೋಬ್ಬರಿ ಅದ ಅಂದಾರ. ಅಕಿ ಕಣ್ಣ ತಗದ ಮೊದಲ ಏನ ಕೇಳಿದಳು ಗೊತ್ತದೇನ್ರಿ? ‘ವೈನಿ, ಚಹಾ ಸಿಗ್ತದೇನು?’ ಅಂದಳು.”

ದೊರ್ಕಾ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ‘ಸ್ತೋತ್ರ ಕರ್ತಾ, ಸ್ತೋತ್ರ’ ಎಂದು ತುಟಿ ತಾನಾಗಿ ಆಡಿತು. ನಗಬೇಕೆಂದುಕೊಂಡರೆ ಕಣ್ಣೀರು ಬಂತು, ಒರೆಸಿಕೊಳ್ಳಬೇಕೆಂದುಕೊಂಡರೆ ನಗು ಬಂತು. ಜಗದೇವಿ ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದಳು.

“ಕುಡೀರಿ. ಹೋದ ಜೀವ ಬರ್ಲಿ. ನೀವ ಯಾರಂತ ಹೇಳಿರೆ ಹೇಳ್ರಿ ಈಗ.”

ದೊರ್ಕಾ ಹೇಳಿದಳು. ನಕ್ಷೆ ಎಂದರೇನು, ಚುಕ್ಕಿ ಎಂದರೇನು, ಹಸಿರು ಯಾಕೆ ಬಂತು, ಎಲ್ಲವನ್ನೂ. ಜಗದೇವಿಗೆ ಎಷ್ಟು ತಿಳಿಯಿತೋ, ಅವಳು ಹರಿದ ಅರಿವೆಗಳನ್ನು ಗಂಟು ಕಟ್ಟುತ್ತಾ ಕೇಳಿಸಿಕೊಂಡಳು. ಬಾಣಂತಿಗೆ ಬೇಕಾದ ಸಾಮಾನು ಒಯ್ಯಲೆಂದು ಮುಂಜಾನೆಯ ಬಸ್ಸಿಗೆ ಊರಿಗೆ ಬಂದವಳು, ಮತ್ತೆ ಹೊರಡುವುದರಲ್ಲಿದ್ದಳು. ಅಲ್ಲಿ ಸಪ್ನಾಳ ಅಪ್ಪ ಒಬ್ಬನೇ ಕುಳಿತಿದ್ದಾನೆ, ಗಂಡಸು, ಅವನಿಗೆ ಕೂಸಿನ ಅರಿವೆ ಯಾವ ಕಡೆಯಿಂದ ಹಿಡಿಯಬೇಕೋ ಗೊತ್ತಿಲ್ಲ ಎಂದಳು.

“ನಮ್ಮ ಜೀಪಿನ್ಯಾಗೇ ಬರ್ರಿ” ಎಂದಳು ದೊರ್ಕಾ.

ಜೀಪು ಹೊರಟ ಮೇಲೆ ಕೇಳಿದಳು, “ಸಪ್ನಾಳ ಫೋನ್ ಯಾಕ ಹತ್ತವಲ್ದು?”

“ಚಾರ್ಜ ಮುಗದದ, ತಲಿದಿಂಬಿನ ಕೆಳಗೇ ಬಿಟ್ಟ ಹೋಗ್ಯಾಳ.”

“ನಿಮಗ ಹ್ಯಾಂಗ ತಿಳೀತು? ದವಾಖಾನಿಗಿ ಒಯ್ಯಬೇಕಂತ?”

ಜಗದೇವಿ ಮುಂದೆ ಕುಳಿತ ಯುನುಸನ ಬೆನ್ನನ್ನು ನೋಡಿದಳು. ಆಮೇಲೆ ದನಿ ತಗ್ಗಿಸಿದಳು.

“ಬಳಿರಿ.”

“ಏನು?”

“ಕುಬುಸದಾಗ ಇಡಿಸಿದ ಹಸರ ಬಳಿ. ಬಂದಾಗ ಕೈಯಾಗ ಸಳಸಳ ಆಡ್ತಿದ್ವು. ಮನಿತುಂಬ ಸಪ್ಪಳ. ಮೊನ್ನಿ ರೊಟ್ಟಿ ಬಡೀತಿದ್ದೆ, ಅಕಿ ಬಾಜೂಕ ಕೂತಿದ್ದಳು, ಸಪ್ಪಳೇ ಇಲ್ಲ. ಯಾಕ ಇಲ್ಲ ಅಂತ ನೋಡ್ತೇನಿ, ಬಳಿ ಮಾಂಸದಾಗ ಕೂತಾವ. ಮುಂಗೈ ಬಾತಾವ, ಮುಖ ಬಾತದ. ಅಕಿ ‘ತವರಾಗ ಉಂಡ ಉಂಡ ದಪ್ಪ ಆಗೀನಿ ವೈನಿ’ ಅಂತ ನಗ್ತಾಳ. ನನಗ ನಗಿ ಬರಲಿಲ್ರಿ. ನಿನ್ನಿ ಮುಂಜಾನಿ ಎದ್ದಾಳ, ತಲಿ ಸಿಡೀತದ, ಕಣ್ಣಮುಂದ ಚಿಕ್ಕಿ ಕಾಣ್ತಾವ ಅಂದಳು. ಬಳಿ ಕೊರದ ಕೈ ನೀಲಿ ಆಗಿತ್ತು. ಸಾಬೂನ ಹಚ್ಚಿದೆ, ಎಣ್ಣಿ ಹಚ್ಚಿದೆ, ಬರಲಿಲ್ಲ. ಕಡೀಕ...” ಅವಳು ಬಲಗೈ ಮುಷ್ಟಿ ಮಾಡಿ ಎಡಗೈಯ ಮೇಲೆ ಮೆಲ್ಲಗೆ ಕುಟ್ಟಿ ತೋರಿಸಿದಳು. “ಒಡದ ಬಿಟ್ಟೆ. ಎಲ್ಲಾನೂ. ಅರಿವಿ ಸುತ್ತಿ ಒಳಕಲ್ಲಿನ ಗುಂಡಿಲೆ ಒಡದೆ.”

ಕುಬುಸದ ಬಳೆ, ಬಸುರಿಯ ಕೈಯಲ್ಲಿ, ಒಡೆಯುವುದು. ಅದರ ಅರ್ಥ ಬೀದರದ ಯಾವ ಮನೆಯಲ್ಲಾದರೂ, ಮಿಶನ್ ಮನೆಯಲ್ಲಾದರೂ, ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಗಂಡ ಸತ್ತಾಗ ಒಡೆಯುವುದು ಬಳೆ.

“ಆಮ್ಯಾಲ ಔರಾದಕ್ಕ ಒಯ್ದೆ. ಅವರು ನೋಡಿದ ಕೂಡಲೇ ಬೀದರಕ್ಕ ಕಳಿಸಿದರು. ಸಾಯಗಾಂವದವರಿಗೆ ಹೇಳಲಿಕ್ಕ ಧೈರ್ಯ ಆಗಲಿಲ್ರಿ. ಲಲಿತಾಬಾಯಿಯರು ಮೊದಲ ಏನ ಕೇಳ್ತಾರ? ಕೂಸ ಹ್ಯಾಂಗ ಅದ ಅಂತ ಕೇಳಂಗಿಲ್ಲ. ‘ಬಳಿ ಎಲ್ಲಿ?’ ಅಂತಾರ.” ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. “ಅಳಿಯಂದ್ರಿಗಿ ಇವತ್ತ ಮಾವನವರೇ ಫೋನ ಮಾಡ್ತಾರ. ಬಳಿ ಸುದ್ದಿ ಮಾತ್ರ ನೀವ ಎಲ್ಲೂ ಬಾಯಿ ಬಿಡಬ್ಯಾಡ್ರಿ, ಕೈ ಮುಗೀತೀನಿ.”

“ದವಾಖಾನಿಯವರೇ ತಗಸ್ಯಾರ ಅಂತ ಹೇಳ್ರಿ. ಕೇಳಿದರ ನಾನೇ ಹೇಳ್ತೇನಿ. ಆಪರೇಶನ್ನಿಗಿ ಮೊದಲ ತಗಸೇ ತಗಸ್ತಾರ, ಅದೇನ ಸುಳ್ಳಲ್ಲ.”

ಜಗದೇವಿ ಮೊದಲ ಸಲ ನಕ್ಕಳು. ನಕ್ಕಾಗ ಅವಳು ಎಷ್ಟು ಚಿಕ್ಕವಳೆಂದು ದೊರ್ಕಾಳಿಗೆ ತಿಳಿಯಿತು. ಸಪ್ನಾಳಿಗಿಂತ ಒಂದೆರಡು ವರ್ಷ ಹಿರಿಯಳಿದ್ದರೆ ಹೆಚ್ಚು.

“ಸಿಸ್ಟರ್, ಹೇಳಿದ್ದೆ ಇಲ್ಲೋ” ಎಂದ ಯುನುಸ ಮುಂದಿನಿಂದ, ಅಷ್ಟು ಹೊತ್ತೂ ಏನೂ ಕೇಳದವನಂತೆ ಇದ್ದವನು. “ಇಬ್ಬರಾಗ ಒಬ್ಬರು ಫ್ರೀ ಇದ್ದರು.”

ಈ ಸಲ ದೊರ್ಕಾ ನಕ್ಕಳು. ಗಟ್ಟಿಯಾಗಿಯೇ ನಕ್ಕಳು. ಹೋಗುವಾಗ ಕಲ್ಲುಕಲ್ಲಾಗಿ ಕಂಡಿದ್ದ ರಸ್ತೆ ಬರುವಾಗ ಎಷ್ಟು ನುಣುಪಾಗಿತ್ತು! ಮಾಂಜ್ರಾದ ನೀರು ಮಣ್ಣಿನ ಬಣ್ಣಕ್ಕೆ ತುಂಬಿ ಹೊರಟಿತ್ತು. ಕಿಟಕಿಯಿಂದ ಬಂದ ಗಾಳಿಯಲ್ಲಿ ಹೆಸರುಕಾಯಿಯ ಹಸಿವಾಸನೆ. ಮುಂಜಾನೆಯಿಂದ ತಾನು ಏನೂ ತಿಂದಿಲ್ಲವೆಂದು ಅವಳಿಗೆ ಆಗ ನೆನಪಾಯಿತು. ಡಬ್ಬಿ ಬಿಚ್ಚಿ, ಪ್ರಿಸಿಲ್ಲಾ ಕಟ್ಟಿದ ರೊಟ್ಟಿಯನ್ನು ಮೂರು ಪಾಲು ಮಾಡಿದಳು.

ದವಾಖಾನೆಯ ವಾರ್ಡಿನಲ್ಲಿ ಸಪ್ನಾ ಗೋಡೆಯ ಕಡೆಯ ಮಂಚದಲ್ಲಿ ಮಲಗಿದ್ದಳು. ಬಾವು ಇನ್ನೂ ಇಳಿದಿರಲಿಲ್ಲ, ಆದರೆ ಕಣ್ಣು ತಿಳಿಯಾಗಿತ್ತು. ಪಕ್ಕದಲ್ಲಿ ಅಂಗೈಯಷ್ಟು ಮುಖದ ಕೂಸು. ದೊರ್ಕಾ ತನ್ನ ಯಂತ್ರ ತೆಗೆಯಲಿಲ್ಲ. ಅಲ್ಲಿಯ ನರ್ಸು ಬರೆದಿಟ್ಟದ್ದನ್ನು ಓದಿದಳು, ಅಷ್ಟೇ ಸಾಕಾಯಿತು. ಸಪ್ನಾಳ ಬರಿಗೈ ಹಾಸಿಗೆಯ ಮೇಲಿತ್ತು. ಮುಂಗೈಯ ಸುತ್ತ ಕೆಂಪಗೆ, ಬಳೆ ಕುಳಿತಿದ್ದ ಗೆರೆ.

“ವೈನಿ, ಚಹಾ?” ಎಂದಳು ಸಪ್ನಾ, ದೊರ್ಕಾ ಯಾರೆಂದು ಕೇಳುವ ಮೊದಲೇ.

“ತೊಗೋ, ಚಹಾದ ರಾಣಿ!” ಜಗದೇವಿ ಗಂಟು ಇಳಿಸಿ, ಕೂಸಿನ ಅರಿವೆ ಬದಲಿಸುತ್ತಾ ಗದರಿದಳು. “ಡಾಕ್ಟರ ಬಾಯಿ ಕೊಡ್ರಿ ಅಂದ ಮ್ಯಾಲ ಕೊಡ್ತೀನಿ. ಅಲ್ಲೀತನಕ ಸುಮ್ಮ ಮಲ್ಕೊ.” ಗದರುತ್ತಲೇ ಒಂದು ಕೈಯಿಂದ ನಾದಿನಿಯ ಹಣೆಯ ಕೂದಲು ಸರಿಸಿದಳು. ಆ ಕೈ ಏನು ಮಾಡುತ್ತಿದೆಯೆಂದು ಅವಳಿಗೇ ಗೊತ್ತಿದ್ದಂತಿರಲಿಲ್ಲ.

ದೊರ್ಕಾ ಬಾಗಿಲ ಬಳಿ ನಿಂತು ನೋಡಿದಳು. ತಾಯಿ ಇದ್ದರೆ ತವರು ಎನ್ನುತ್ತಾರೆ. ಇಲ್ಲಿ ತಾಯಿ ಇರಲಿಲ್ಲ. ರೊಟ್ಟಿ ಬಡಿಯುತ್ತಾ ಬಳೆಯ ಸಪ್ಪಳ ನಿಂತದ್ದನ್ನು ಕೇಳಿಸಿಕೊಂಡ ಒಬ್ಬ ಹೆಂಗಸು ಇದ್ದಳು.

ಕಚೇರಿಗೆ ಬಂದಾಗ ಸೌಂದರ್ಯಾ ಬಾಗಿಲಲ್ಲೇ ಕಾದಿದ್ದಳು. ಸುದ್ದಿ ಫೋನಿನಲ್ಲಿ ಮೊದಲೇ ಮುಟ್ಟಿತ್ತು. ಆದರೂ ಬಾಯಿಂದ ಕೇಳಿದ ಮೇಲೆಯೇ ಅವಳು ಉಂಡೆಯ ಡಬ್ಬಿ ತೆರೆದಳು. “ತಿನ್ರಿ. ಹೆಣ್ಣ ಹುಟ್ಯದ, ಬಾಯಿ ಸೀ ಆಗಬೇಕು.”

ಉಂಡೆ ಕಟಕಟ ಅಗಿಯುತ್ತಾ ದೊರ್ಕಾ ಮತ್ತೆ ಕೋಡಿನ ಮುಂದೆ ಕುಳಿತಳು. ಮುಂಜಾನೆ ಗಾಬರಿಯಲ್ಲಿ ಹಸಿರನ್ನು ಕೆಳಗೆ ತಳ್ಳಿದ್ದಳು. ಆದರೆ ಅದೂ ಸರಿಯಲ್ಲ. ಹಾಗೆ ಮಾಡಿದರೆ ಕೆಂಪಿನವಳು ಎಲ್ಲಿದ್ದಾಳೆಂದು ಕಾಣುವುದಿಲ್ಲ, ನರ್ಸು ಖಾಲಿ ಮನೆಯ ಬಾಗಿಲು ಬಡಿದು ಬರುತ್ತಾಳೆ. ಮೈ ಹೇಗಿದೆ ಎನ್ನುವುದು ಒಂದು ಮಾತು, ಯಾರ ಮನೆಯಲ್ಲಿದ್ದಾಳೆ ಎನ್ನುವುದು ಇನ್ನೊಂದು ಮಾತು. ಎರಡನ್ನೂ ಒಂದೇ ಜರಡಿಗೆ ಸುರಿದದ್ದೇ ತಪ್ಪಾಗಿತ್ತು.

ಅವಳು ನಿಯಮಗಳನ್ನು ಎರಡು ಗುಂಪು ಮಾಡಿದಳು. ಚುಕ್ಕಿಯ ಒಳಬಣ್ಣವನ್ನು ರಕ್ತದೊತ್ತಡ, ರಕ್ತ, ತಿಂಗಳು ಇವೇ ತೀರ್ಮಾನಿಸಲಿ. ಅಲ್ಲಿ ತವರಿನ ಮಾತೇ ಬೇಡ. ತವರಿಗೆ ಹೋದವಳ ಚುಕ್ಕಿಯ ಸುತ್ತ ಒಂದು ಹಸಿರು ಸುತ್ತು ಬರಲಿ, ಮತ್ತು ಚುಕ್ಕಿ ಗಂಡನ ಊರಿನಿಂದ ತವರೂರಿಗೆ ಸರಿಯಲಿ. ಓಡಿಸಿದಳು.

ಹಸಿರು ಸುತ್ತಿನ ಕೆಲವು ಚುಕ್ಕಿಗಳು ಭಾಲ್ಕಿಯಿಂದ ಔರಾದಕ್ಕೆ, ಔರಾದದಿಂದ ಬೀದರಕ್ಕೆ ಹಾರಿ ಕುಳಿತವು. ಕೆಂಪಿನವು ಕೆಂಪಾಗಿಯೇ, ನೀಲಿಯವು ನೀಲಿಯಾಗಿಯೇ ಉಳಿದವು.

“ಅಯ್ಯ, ಬಳಿ ಇಡಿಸಿದಾಂಗ ಕಾಣ್ತದ್ರಿ ಸಿಸ್ಟರ್!” ಎಂದಳು ಸೌಂದರ್ಯಾ ಹಿಂದಿನಿಂದ ಬಗ್ಗಿ.

“ಹೂಂ. ಬಳಿ ಇದ್ದರ ಇರ್ಲಿ. ಒಳಗಿನ ಕೈ ಕಾಣಬೇಕು.”

ಸೌಂದರ್ಯಾ ಹೊಸ ನಕ್ಷೆಯ ಹಾಳೆ ತೆಗೆದು ಬೆಳಕಿಗೆ ಹಿಡಿದು ನೋಡಿದಳು. “ಈಗ ತೊಗರ್ಯಾಗ ಕಳಿಯಂಗಿಲ್ಲ” ಎಂದು ತೀರ್ಪು ಕೊಟ್ಟಳು.

ಮನೆಗೆ ಹೋಗುವ ದಾರಿಯಲ್ಲಿ ದೊರ್ಕಾ ಆಟೋದವನಿಗೆ ಮಿಶನ್ ಕಂಪೌಂಡಿಗಿಂತ ಮೊದಲು ಗಂಜಿನ ಪೇಟೆಯ ಕಡೆ ಹೊರಳಿಸಲು ಹೇಳಿದಳು. ಅಬ್ದುಲ ಖಾದರನ ಅಂಗಡಿಯಲ್ಲಿ ಒಣಹಣ್ಣಿನ ಚೀಲಗಳು ಬಾಯಿ ತೆರೆದು ಕುಳಿತಿದ್ದವು.

“ಅಂಟು ಚಲೋದು ಅದೇ? ಉತ್ತತ್ತಿ ಕೊಡ್ರಿ, ಒಣಕೊಬ್ಬರಿನೂ. ಕಸಕಸಿ ಒಂದೀಟು.”

“ಅರೆ ಸಿಸ್ಟರ್, ಬಾಣಂತಿ ಸಾಮಾನ!” ಖಾದರ ತಕ್ಕಡಿ ಎತ್ತಿದ. ಈ ಅಂಗಡಿಯಲ್ಲಿ ಕುಳಿತು ಇಡೀ ಬೀದರದ ಹೆರಿಗೆಗಳನ್ನು ಬಲ್ಲವನು ಅವನು. “ನಿಮ್ಮ ಸೊಸಿಗೇನ್ರಿ? ಆದರ ಅಂಟಿನ ಉಂಡಿ ಕಟ್ಟೋರು ತವರಮನಿಯವರಲ್ಲೇನ್ರಿ? ನೀವ ಯಾಕ ಒಯ್ಯಲಿಕತ್ತೀರಿ?”

“ಅಂಟು ಜರಾ ಆರಸಿ ಹಾಕ್ರಿ. ಹೋದಸಲ ಕಸ ಇತ್ತು” ಎಂದಳು ದೊರ್ಕಾ.

ಖಾದರ ಅಂಟು ಆರಿಸತೊಡಗಿದ.

ಮನೆಯಲ್ಲಿ ಪ್ರಿಸಿಲ್ಲಾ ಹಿತ್ತಲ ಬಾಗಿಲಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ಎದುರಿಗೆ ಬೆಕ್ಕು ತಟ್ಟೆ ನೆಕ್ಕುತ್ತಿತ್ತು. ಒಳಗೆ ಮಂಚದ ಮೇಲೆ ಭಾಲ್ಕಿಗೆ ಹೋಗುವ ಬ್ಯಾಗು ಅರ್ಧ ತುಂಬಿ, ಬಾಯಿ ತೆರೆದೇ ಇತ್ತು. ಈ ಬ್ಯಾಗು ವಾರದಿಂದಲೂ ಹೀಗೇ ಅರ್ಧ ತುಂಬಿದೆಯಲ್ಲ ಎಂದು ದೊರ್ಕಾಳಿಗೆ ಅಂದು ಹೊಳೆಯಿತು. ಪ್ರಿಸಿಲ್ಲಾಳಿಗೂ ತಾಯಿ ಇಲ್ಲ. ಭಾಲ್ಕಿಯ ಅಣ್ಣನ ಹೆಂಡತಿ ಕೆಟ್ಟವಳಲ್ಲ. ದವಾಖಾನೆಯಲ್ಲಿ ಪಾಳಿಯ ಕೆಲಸ, ಎರಡು ಸಣ್ಣ ಮಕ್ಕಳು. ರೊಟ್ಟಿ ಬಡಿಯುತ್ತಾ ಪಕ್ಕದವಳ ಬಳೆಯ ಸಪ್ಪಳ ಕೇಳಲು ಅವಳಿಗೆ ಬಿಡುವೆಲ್ಲಿಯದು? ತನಗೆ ಸಿಗದ್ದನ್ನು ಸೊಸೆಗೆ ಕೊಡುತ್ತಿದ್ದೇನೆಂದು ದೊರ್ಕಾ ಬೀಗಿದ್ದಳು. ಕೊಡುವುದಕ್ಕೆ ತನ್ನ ಕೈಯೇ ಇರುವಾಗ ಸೊಸೆಯನ್ನು ಭಾಲ್ಕಿಯ ದಾರಿಗೆ ಹಚ್ಚುತ್ತಿದ್ದಳು.

ಅವಳು ಸ್ಟೂಲು ಹತ್ತಿ, ಮೊಣಕಾಲು ಬೇಡವೆಂದರೂ ಹತ್ತಿ, ಅಟ್ಟದ ಮೇಲಿನ ಹಿತ್ತಾಳೆ ಡಬ್ಬಿಯಲ್ಲಿ ಅಂಟು, ಉತ್ತತ್ತಿ, ಕೊಬ್ಬರಿ, ಕಸಕಸೆ ಎಲ್ಲವನ್ನೂ ಇಟ್ಟು ಮುಚ್ಚಳ ಬಿಗಿದಳು.

“ಏನ್ರಿ ಅತ್ತಿ ಅದು?” ಹಿತ್ತಲಿಂದಲೇ ಪ್ರಿಸಿಲ್ಲಾ ಕೇಳಿದಳು.

“ಏನಿಲ್ಲವಾ. ಹಳೇ ಸಾಮಾನ.”

ಹೆಪ್ಪು ಹಾಕಿದ ಹಾಲನ್ನು ಅಲುಗಾಡಿಸಬಾರದು. ಜಸ್ಟಿನನಿಗಾಗಲಿ, ಭಾಲ್ಕಿಯ ಬೀಗರಿಗಾಗಲಿ, ಪ್ರಿಸಿಲ್ಲಾಳಿಗಾಗಲಿ ಬಾಣಂತನ ಇಲ್ಲೇ ಎಂದು ಇವತ್ತು ಹೇಳುವುದು ಬೇಡ. ಭಾನುವಾರ ಬರಲಿ, ಪ್ರಾರ್ಥನೆ ಆಗಲಿ, ಬಳೆ ಇಡಿಸಲಿ. ಬ್ಯಾಗು ಎತ್ತುವ ಹೊತ್ತಿಗೆ ನೋಡಿಕೊಂಡರಾಯಿತು.

ಎರಡು ಕಪ್ ಚಹಾ ಮಾಡಿಕೊಂಡು ಹಿತ್ತಲ ಬಾಗಿಲಿಗೆ ಹೋದಳು. ಒಂದನ್ನು ಕೊಡುವ ನೆವದಲ್ಲಿ ಸೊಸೆಯ ಕೈ ಹಿಡಿದು, ನಿತ್ಯದ ಗಾಜಿನ ಬಳೆಗಳ ಕೆಳಗೆ ತನ್ನ ತೋರುಬೆರಳನ್ನು ಮೆಲ್ಲಗೆ ತೂರಿಸಿದಳು. ಬೆರಳು ಸಲೀಸಾಗಿ ಹೋಯಿತು. ಬಳೆಗಳು ಸರಿದು ಸಳಸಳ ಎಂದವು.

“ಯಾಕ್ರಿ ಅತ್ತಿ?”

“ಏನಿಲ್ಲ. ಬಳಿ ಛಂದ ಅವ” ಎಂದು ದೊರ್ಕಾ ಬೆಕ್ಕನ್ನು ಕಾಲಿನಿಂದ ಸರಿಸಿ, ಸೊಸೆಯ ಪಕ್ಕ ಹೊಸ್ತಿಲ ಮೇಲೆ ಕುಳಿತಳು.